ಇಂಗ್ಲೆಂಡಿನ ಹುಡುಗರಿಗಿಂತ ಮೊದಲು ಷೇಕ್ಸ್‌ಪಿಯರ್ ಪರೀಕ್ಷೆ ಬರೆದವರು ನಾವು!

2022ರ ಆಗಸ್ಟ್ ತಿಂಗಳು. ಸಂಜೆ ಬುಲೆಟಿನ್‌ಗೆ ತಯಾರಿ ನಡೀತಿತ್ತು. ಏಜೆನ್ಸಿಯಿಂದ ಇಂಗ್ಲೆಂಡಿನ ವಿಷುಯಲ್ಸ್ ಬಂತು. ಶಾಲೆಯೊಂದರ ಅಂಗಳ, ಕೈಯಲ್ಲಿ ಹಾಳೆ ಹಿಡಿದು ಕುಣಿಯೋ ಹುಡುಗಿಯರು, ಪಕ್ಕದಲ್ಲಿ ಕಣ್ಣೊರೆಸಿಕೊಳ್ತಿರೋ ಒಬ್ಬ ತಾಯಿ. ನಮ್ಮಲ್ಲಿ ಸೆಕೆಂಡ್ ಪಿಯುಸಿ ರಿಸಲ್ಟ್ ದಿನ ತೋರಿಸ್ತೀವಲ್ಲ, ಸಿಹಿ ತಿನ್ನಿಸೋ ಸೀನು, ಅದೇ. ಸಿಹಿ ಮಾತ್ರ ಇರಲಿಲ್ಲ. ಎ-ಲೆವೆಲ್ ಪರೀಕ್ಷೆ ಫಲಿತಾಂಶ ಬಂದಿತ್ತು. ಸುದ್ದಿಯ ಕೊನೆಯಲ್ಲಿ ಒಂದು ಸಾಲು ಇತ್ತು. ಅತಿ ಹೆಚ್ಚು ವಿದ್ಯಾರ್ಥಿಗಳು ಆರಿಸಿಕೊಳ್ಳೋ ಹತ್ತು ವಿಷಯಗಳ ಪಟ್ಟಿಯಿಂದ ಇಂಗ್ಲಿಷ್ ಸಾಹಿತ್ಯ ಮೊದಲ ಬಾರಿಗೆ ಹೊರಬಿದ್ದಿದೆ ಅಂತ.

ಡೆಸ್ಕಿನಲ್ಲಿದ್ದ ಹುಡುಗ ನಕ್ಕ. "ಸಾರ್, ಇಂಗ್ಲೆಂಡಲ್ಲೇ ಇಂಗ್ಲಿಷ್ ಬೇಡ್ವಂತೆ!" ಸುದ್ದಿ ಬುಲೆಟಿನ್‌ಗೆ ಹೋಗಲಿಲ್ಲ. ಅವತ್ತು ನಮ್ಮದೇ ರಾಜ್ಯದ ರಾಜಕೀಯ ಸಾಕಷ್ಟಿತ್ತು.

ಆದರೆ ಮರುವಾರವೇ ನನಗೊಂದು ಫೋನ್ ಬಂತು. ದಾವಣಗೆರೆಯ ಹಳೇ ಗೆಳೆಯ. ಇಂಜಿನಿಯರ್, ಇಪ್ಪತ್ತು ವರ್ಷದಿಂದ ಇಂಗ್ಲೆಂಡಿನಲ್ಲಿದ್ದಾನೆ. ಮಗಳು ಹತ್ತನೇ ಕ್ಲಾಸಿಗೆ ಸಮನಾದ ಜಿಸಿಎಸ್‌ಇ ಮುಗಿಸಿದ್ದಾಳೆ, ಒಳ್ಳೇ ಗ್ರೇಡು. ಈಗ ಎ-ಲೆವೆಲ್‌ಗೆ ಮೂರೇ ಮೂರು ವಿಷಯ ಆರಿಸಿಕೊಳ್ಳಬೇಕು. ಅವಳು ಇಂಗ್ಲಿಷ್ ಸಾಹಿತ್ಯ ಬೇಕೇ ಬೇಕು ಅಂತಿದ್ದಾಳೆ. ಮನೆಯಲ್ಲಿ ಯುದ್ಧ. "ನೀನಾದ್ರೂ ಹೇಳಪ್ಪಾ ಅವಳಿಗೆ. ಟೀವಿಯಲ್ಲಿ ಊರಿಗೆಲ್ಲಾ ಬುದ್ಧಿ ಹೇಳ್ತೀಯಲ್ಲ. ಹುಟ್ಟಿದಾಗಿಂದ ಇಂಗ್ಲಿಷೇ ಮಾತಾಡ್ತಾಳೆ. ಬರೋ ಭಾಷೇಲಿ ಓದೋದು ಏನಿರುತ್ತೆ?"

ಬರೋ ಭಾಷೆಯಲ್ಲಿ ಓದೋದು ಏನಿರುತ್ತೆ! ನೋಡಿ, ಗೆಳೆಯನಿಗೆ ಗೊತ್ತಿರಲಿಲ್ಲ. ಇದೇ ಪ್ರಶ್ನೆಯನ್ನು ನೂರೈವತ್ತು ವರ್ಷದ ಹಿಂದೆ ಆಕ್ಸ್‌ಫರ್ಡ್‌ನ ದೊಡ್ಡ ದೊಡ್ಡ ಪ್ರೊಫೆಸರ್‌ಗಳೇ ಕೇಳಿದ್ದರು. ಅವರು ಹಾಗೆ ಕೇಳ್ತಿದ್ದ ಕಾಲಕ್ಕೆ ಕಲ್ಕತ್ತೆಯ ಹುಡುಗರು ಷೇಕ್ಸ್‌ಪಿಯರ್, ಮಿಲ್ಟನ್ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆಗಿತ್ತು.

ಕತೆ ಶುರುವಾಗೋದು 1813ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣಕ್ಕೆ ಬಂದಾಗ ಬ್ರಿಟಿಷ್ ಪಾರ್ಲಿಮೆಂಟು ಒಂದು ಷರತ್ತು ಹಾಕಿತು. ಭಾರತದಲ್ಲಿ ಸಾಹಿತ್ಯದ ಪುನರುಜ್ಜೀವನಕ್ಕೆ, ವಿದ್ವಾಂಸರ ಪ್ರೋತ್ಸಾಹಕ್ಕೆ ವರ್ಷಕ್ಕೆ ಕನಿಷ್ಠ 1 ಲಕ್ಷ ರೂಪಾಯಿ ಇಡಬೇಕು. ಯಾವ ಸಾಹಿತ್ಯ? ಯಾವ ವಿದ್ವಾಂಸರು? ಕಾಯಿದೆ ಅದನ್ನು ಬಿಡಿಸಿ ಹೇಳಲಿಲ್ಲ. ಇಪ್ಪತ್ತು ವರ್ಷ ಜಗಳ ಆಗಿದ್ದು ಅದಕ್ಕೇ. ಸಂಸ್ಕೃತ, ಅರೇಬಿಕ್ ಅಂತ ಒಂದು ಗುಂಪು. ಇಂಗ್ಲಿಷ್ ಅಂತ ಇನ್ನೊಂದು.

ಇಲ್ಲೊಂದು ವಿಚಾರ ಗಮನಿಸಿ. 1823ರಲ್ಲಿ ರಾಜಾ ರಾಮಮೋಹನ ರಾಯರು ಗವರ್ನರ್ ಜನರಲ್ ಲಾರ್ಡ್ ಆಮ್‌ಹರ್ಸ್ಟ್‌ಗೆ ಒಂದು ಪತ್ರ ಬರೆದರು. ಹೊಸ ಸಂಸ್ಕೃತ ಕಾಲೇಜು ಬೇಡ, ಆ ದುಡ್ಡಿನಲ್ಲಿ ಪಶ್ಚಿಮದ ವಿದ್ಯೆ ಕಲಿಸಿ ಅಂತ. ಯಾವ ವಿದ್ಯೆ ಕೇಳಿದ್ದರು? ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಅಂಗರಚನಾಶಾಸ್ತ್ರ. ಅಂದ್ರೆ ರಾಯರು ಕೇಳಿದ್ದು ವಿಜ್ಞಾನ. ಕೊನೆಗೆ ಸಿಕ್ಕಿದ್ದರಲ್ಲಿ ಹೆಚ್ಚಿನ ಪಾಲು ಪದ್ಯ.

ಯಾಕೆ ಪದ್ಯ? ಕೊಲಂಬಿಯಾ ವಿಶ್ವವಿದ್ಯಾಲಯದ ಗೌರಿ ವಿಶ್ವನಾಥನ್ 1989ರಲ್ಲಿ ಬರೆದ ಪುಸ್ತಕದಲ್ಲಿ ಇದಕ್ಕೊಂದು ವಿವರಣೆ ಇದೆ. ನನಗೆ ಅದು ಬಹಳ ಮಟ್ಟಿಗೆ ಸರಿ ಅನ್ನಿಸುತ್ತೆ. ಕಂಪನಿ ಸರ್ಕಾರ ತನ್ನ ಶಾಲೆಗಳಲ್ಲಿ ಬೈಬಲ್ ಕಲಿಸುವ ಹಾಗಿರಲಿಲ್ಲ. ಧರ್ಮದ ವಿಷಯಕ್ಕೆ ಕೈ ಹಾಕಿದರೆ ಜನ ತಿರುಗಿಬೀಳ್ತಾರೆ ಅನ್ನೋ ಭಯ. ಹಾಗಂತ ಬರೀ ಲೆಕ್ಕ ಕಲಿಸಿದರೆ ಆಳೋರ ಮೇಲೆ ಗೌರವ ಬರೋದು ಹೇಗೆ? ಆಗ ಕಣ್ಣಿಗೆ ಬಿದ್ದಿದ್ದು ಸಾಹಿತ್ಯ. ಮಿಲ್ಟನ್ ಓದಿಸಿದರೆ ಅದರೊಳಗೆ ಕ್ರೈಸ್ತ ನೀತಿಯೂ ಇರುತ್ತೆ, ಇಂಗ್ಲಿಷರ ಘನತೆಯೂ ಇರುತ್ತೆ, ಧರ್ಮ ಬೋಧನೆ ಅಂತ ಯಾರೂ ಬೆರಳು ತೋರಿಸೋ ಹಾಗಿಲ್ಲ. ಮೆಕಾಲೆಯ ಭಾವ ಚಾರ್ಲ್ಸ್ ಟ್ರೆವೆಲ್ಯನ್ 1838ರಲ್ಲಿ ಭಾರತೀಯರ ಶಿಕ್ಷಣದ ಬಗ್ಗೆ ಒಂದು ಪುಸ್ತಕ ಬರೆದ. ನಮ್ಮ ಸಾಹಿತ್ಯ ಓದಿ ಬೆಳೆದ ಹುಡುಗರು ನಮ್ಮನ್ನು ಪರಕೀಯರು ಅಂತ ನೋಡೋದನ್ನೇ ಬಿಡ್ತಾರೆ ಅನ್ನೋದು ಅವನ ವಾದ. ಮುಚ್ಚುಮರೆ ಇಲ್ಲ. ಆ ಕಾಲದ ಬ್ರಿಟಿಷರಲ್ಲಿ ನನಗೆ ಹಿಡಿಸೋ ಗುಣ ಇದೊಂದೇ. ಮನಸ್ಸಿನಲ್ಲಿದ್ದದ್ದನ್ನು ಕಡತದಲ್ಲಿ ಬರೆದಿಡ್ತಿದ್ದರು.

ಮೆಕಾಲೆಯ ಟಿಪ್ಪಣಿ ಎಲ್ಲರಿಗೂ ಗೊತ್ತು. 1835ರ ಫೆಬ್ರವರಿ 2. ಮಾರ್ಚ್ 7ಕ್ಕೆ ಲಾರ್ಡ್ ಬೆಂಟಿಂಕ್ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದ. ವಾಟ್ಸ್‌ಆ್ಯಪ್‌ನಲ್ಲಿ ಮೆಕಾಲೆ ಹೆಸರಲ್ಲಿ ಓಡಾಡೋ ನಕಲಿ ಭಾಷಣ ಬೇರೆ ಇದೆ, ಭಾರತದಲ್ಲಿ ಭಿಕ್ಷುಕರನ್ನೇ ಕಾಣಲಿಲ್ಲ ಅಂತ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಅಸಲಿ ಟಿಪ್ಪಣಿಯೇ ಸಾಕಷ್ಟು ಕೆಟ್ಟದಾಗಿದೆ. ಆದರೆ ನನ್ನ ಪ್ರಕಾರ ನಿಜವಾದ ಏಟು ಕೊಟ್ಟಿದ್ದು ಮೆಕಾಲೆ ಅಲ್ಲ, ಒಂಬತ್ತು ವರ್ಷದ ನಂತರ ಬಂದ ಲಾರ್ಡ್ ಹಾರ್ಡಿಂಜ್. 1844ರ ಅಕ್ಟೋಬರ್‌ನಲ್ಲಿ ಅವನು ಒಂದು ಆದೇಶ ಹೊರಡಿಸಿದ. ಸರ್ಕಾರಿ ನೌಕರಿಯಲ್ಲಿ ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಆದ್ಯತೆ. ಅಲ್ಲಿಗೆ ಮುಗೀತು. ಪದ್ಯ ಓದಿದರೆ ಸಂಬಳ ಬರುತ್ತೆ ಅಂದ್ರೆ ಯಾವ ಅಪ್ಪ ಬೇಡ ಅಂತಾನೆ? ಇವತ್ತು ಕೋಡಿಂಗ್ ಕ್ಲಾಸಿಗೆ ಸೇರಿಸೋ ಅಪ್ಪಂದಿರ ಮುತ್ತಾತಂದಿರು ಅವರು.

ಮೈಸೂರಿನವರು ಇಲ್ಲಿ ಸ್ವಲ್ಪ ಬೆನ್ನು ತಟ್ಟಿಕೊಳ್ಳಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆ ತೆರೆದಿದ್ದು 1833ರಲ್ಲಿ. ಮೆಕಾಲೆ ಟಿಪ್ಪಣಿಗೆ ಎರಡು ವರ್ಷ ಮೊದಲು. ಆ ಶಾಲೆಯೇ ಮುಂದೆ ಮಹಾರಾಜಾ ಕಾಲೇಜು ಆಗಿ ಬೆಳೆಯಿತು. ಅದರ ವಿಚಾರಕ್ಕೆ ಆಮೇಲೆ ಬರ್ತೀನಿ.

ಈಗ ಕಲ್ಕತ್ತೆಯ ಹಿಂದೂ ಕಾಲೇಜಿಗೆ ಹೋಗೋಣ. 1817ರಲ್ಲಿ ಶುರುವಾದ ಸಂಸ್ಥೆ. 1826ರಲ್ಲಿ ಅಲ್ಲಿಗೆ ಒಬ್ಬ ಮೇಷ್ಟ್ರು ಸೇರಿದರು. ಹೆನ್ರಿ ಲೂಯಿ ವಿವಿಯನ್ ಡಿರೋಜಿಯೊ. ಇಂಗ್ಲಿಷ್ ಸಾಹಿತ್ಯ ಮತ್ತು ಇತಿಹಾಸ ಕಲಿಸೋ ಕೆಲಸ. ವಯಸ್ಸೆಷ್ಟು ಗೊತ್ತಾ? ಹದಿನೇಳು! ನನ್ನ ಗೆಳೆಯನ ಮಗಳು ಎ-ಲೆವೆಲ್ ಓದೋ ವಯಸ್ಸು. ಶಿಷ್ಯರಿಗೂ ಗುರುವಿಗೂ ಅಂತರವೇ ಇಲ್ಲ. ಕ್ಲಾಸು ಮುಗಿದ ಮೇಲೂ ಹುಡುಗರು ಅವನ ಮನೆಯಲ್ಲೇ. ದೇವರಿದ್ದಾನೋ ಇಲ್ಲವೋ, ಜಾತಿ ಯಾಕೆ, ಹೆಣ್ಣುಮಕ್ಕಳಿಗೆ ಓದು ಯಾಕಿಲ್ಲ, ಎಲ್ಲದಕ್ಕೂ ಚರ್ಚೆ. ಊರಿನ ದೊಡ್ಡ ಮನೆತನಗಳು ಬೆಚ್ಚಿಬಿದ್ದವು. 1831ರ ಏಪ್ರಿಲ್‌ನಲ್ಲಿ ಆಡಳಿತ ಮಂಡಳಿ ಅವನನ್ನು ಹೊರಗೆ ಕಳಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಲರಾ ಬಂದು ಸತ್ತ. ಇಪ್ಪತ್ತೆರಡು ವರ್ಷ. ಶಿಷ್ಯರಿಗೆ 'ಯಂಗ್ ಬೆಂಗಾಲ್' ಅಂತ ಹೆಸರು ಉಳಿಯಿತು. ಅಂದ್ರೆ, ವಿಧೇಯ ಗುಮಾಸ್ತರನ್ನು ತಯಾರು ಮಾಡಬೇಕಿದ್ದ ಸಾಹಿತ್ಯ, ಟ್ರೆವೆಲ್ಯನ್ ಪುಸ್ತಕ ಬರೆಯೋದಕ್ಕೂ ಮೊದಲೇ ತಂಟೆಕೋರರನ್ನು ತಯಾರು ಮಾಡಿ ಮುಗಿಸಿತ್ತು!

ಡಿರೋಜಿಯೊ ನಂತರ ಅದೇ ಕಾಲೇಜಿಗೆ ಬಂದವನು ಕ್ಯಾಪ್ಟನ್ ಡಿ.ಎಲ್. ರಿಚರ್ಡ್‌ಸನ್. ಸೈನ್ಯದಲ್ಲಿದ್ದವನು. ಷೇಕ್ಸ್‌ಪಿಯರ್ ಓದೋಕೆ ನಿಂತರೆ ಮೆಕಾಲೆಯೇ ತಲೆದೂಗ್ತಿದ್ದನಂತೆ. 1840ರಲ್ಲಿ ಇಂಗ್ಲಿಷ್ ಕವಿಗಳ ದೊಡ್ಡ ಸಂಕಲನವೊಂದನ್ನು ತಂದ, ಭಾರತದ ವಿದ್ಯಾರ್ಥಿಗಳಿಗಾಗಿಯೇ. ಅವನ ಕ್ಲಾಸಿನಲ್ಲಿ ಕೂತಿದ್ದ ಒಬ್ಬ ಹುಡುಗನಿಗೆ ತಲೆ ತಿರುಗಿಹೋಯ್ತು. ಇಂಗ್ಲೆಂಡಿಗೆ ಹೋಗಬೇಕು, ಬೈರನ್‌ನಂತೆ ಕವಿಯಾಗಬೇಕು. 1843ರಲ್ಲಿ ಮತಾಂತರ ಆದ, ಇಂಗ್ಲಿಷಿನಲ್ಲೇ ಕಾವ್ಯ ಬರೆದ. ಯಾರೂ ಕೇಳಲಿಲ್ಲ. ಕೊನೆಗೆ ಬಂಗಾಳಿಗೆ ಮರಳಿ 1861ರಲ್ಲಿ 'ಮೇಘನಾದವಧ ಕಾವ್ಯ' ಕೊಟ್ಟ. ಮೈಕೆಲ್ ಮಧುಸೂದನ ದತ್ತ. ಮಿಲ್ಟನ್ ಓದಿದ್ದು ಕೊನೆಗೆ ರಾವಣನ ಮಗನಿಗೆ ಉಪಯೋಗಕ್ಕೆ ಬಂತು.

ಸರಿ. ಈ ಹೊತ್ತಿಗೆ ಇಂಗ್ಲೆಂಡಿನಲ್ಲಿ ಏನು ನಡೀತಿತ್ತು? ಅಲ್ಲಿನ ಶ್ರೀಮಂತರ ಮಕ್ಕಳು ದೊಡ್ಡ ದೊಡ್ಡ ಶಾಲೆಗಳಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಉರು ಹೊಡೀತಿದ್ದರು. ಇಂಗ್ಲಿಷ್ ಅನ್ನೋದು ಮಾತಾಡೋ ಭಾಷೆ. ಕಾದಂಬರಿ, ಪದ್ಯ ಬಿಡುವಿನಲ್ಲಿ ಮನೆಯಲ್ಲಿ ಓದಿಕೊಳ್ಳೋದು. ಅದನ್ನು ಪಾಠ ಮಾಡೋದುಂಟೆ? ಲಂಡನ್ನಿನಲ್ಲಿ ಹೊಸದಾಗಿ ಶುರುವಾದ ವಿಶ್ವವಿದ್ಯಾಲಯ 1828ರಲ್ಲಿ ಇಂಗ್ಲಿಷ್‌ಗೆ ಒಬ್ಬ ಪ್ರೊಫೆಸರನ್ನು ನೇಮಿಸಿತ್ತು, ಅದನ್ನೂ ಹೇಳಿಬಿಡಬೇಕು. ಇಲ್ಲದಿದ್ದರೆ ಯಾರಾದರೂ ಮೇಷ್ಟ್ರು ಸ್ಟುಡಿಯೋಗೆ ಫೋನ್ ಮಾಡ್ತಾರೆ. ಆದರೆ ಆಕ್ಸ್‌ಫರ್ಡ್? ಅಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಶುರುವಾಗಿದ್ದು 1894ರಲ್ಲಿ. ಅದಕ್ಕೂ ಎಷ್ಟು ವಿರೋಧ! ಇತಿಹಾಸದ ಪ್ರೊಫೆಸರ್ ಎಡ್ವರ್ಡ್ ಫ್ರೀಮನ್, ಇದೆಲ್ಲ ಶೆಲ್ಲಿ ಕವಿಯ ಸಂಸಾರದ ಬಗ್ಗೆ ಹರಟೆ ಹೊಡೆಯೋ ಕೆಲಸ ಅಂತ ಗೇಲಿ ಮಾಡಿದ. ಕೇಂಬ್ರಿಡ್ಜ್ ಇನ್ನೂ ನಿಧಾನ, 1917.

ಹೆಣ್ಣುಮಕ್ಕಳ ಶಾಲೆಗಳಲ್ಲಿ, ಕೂಲಿ ಕಾರ್ಮಿಕರ ಸಂಜೆ ತರಗತಿಗಳಲ್ಲಿ ಇಂಗ್ಲಿಷ್ ಸಾಹಿತ್ಯ ಮೊದಲಿಂದಲೂ ಇತ್ತು. ಗ್ರೀಕ್ ಕಲಿಯೋಕೆ ಪುರುಸೊತ್ತಿಲ್ಲದವರಿಗೆ, ಕಲಿಸೋ ಅಗತ್ಯ ಇಲ್ಲ ಅಂತ ಅಂದುಕೊಂಡವರಿಗೆ ಇದು. ಹೆಂಗಸರು, ಕೂಲಿಯವರು, ಭಾರತೀಯರು. ಇಂಗ್ಲಿಷ್ ಸಾಹಿತ್ಯದ ಮೊದಲ ಬೆಂಚಿನ ವಿದ್ಯಾರ್ಥಿಗಳು ಇವರೇ.

ಸಾಹೇಬರ ಮಕ್ಕಳು ಇಂಗ್ಲಿಷ್ ಸಾಹಿತ್ಯಕ್ಕೆ ಗಂಭೀರವಾಗಿ ಕೂತಿದ್ದು ಯಾವಾಗ? ಭಾರತದ ಕೆಲಸ ಬೇಕು ಅಂದಾಗ! ಐಸಿಎಸ್ ಪರೀಕ್ಷೆ ಹೇಗಿರಬೇಕು ಅಂತ ತೀರ್ಮಾನಿಸೋಕೆ 1854ರಲ್ಲಿ ಸಮಿತಿ ಆಯ್ತು. ಅಧ್ಯಕ್ಷ ಯಾರು? ಮತ್ತೆ ಅದೇ ಮೆಕಾಲೆ. ಇಂಗ್ಲಿಷ್ ಭಾಷೆ ಮತ್ತು ಸಾಹಿತ್ಯ ಅನ್ನೋ ಪೇಪರು ಅಲ್ಲಿ ಬಂತು. ಗ್ರೀಕ್‌ಗೆ 750 ಅಂಕ, ಲ್ಯಾಟಿನ್‌ಗೆ 750. ಭಾರತ ಆಳೋಕೆ ಹೊರಟವರ ಪರೀಕ್ಷೆಯಲ್ಲಿ ಸಂಸ್ಕೃತಕ್ಕೆ 375, ಅರೇಬಿಕ್‌ಗೆ 375. ಲೆಕ್ಕ ನೀವೇ ಹಾಕಿಕೊಳ್ಳಿ.

ಇಂಗ್ಲೆಂಡಿನ ಸಾಮಾನ್ಯ ಹೈಸ್ಕೂಲಿಗೆ ಇದು ಗಟ್ಟಿಯಾಗಿ ಇಳಿದಿದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. 1921ರಲ್ಲಿ ಕವಿ ಹೆನ್ರಿ ನ್ಯೂಬೋಲ್ಟ್ ಅಧ್ಯಕ್ಷತೆಯ ಸಮಿತಿ ವರದಿ ಕೊಟ್ಟಿತು. ಕ್ರಿಕೆಟ್ ಮೈದಾನವನ್ನೂ ರಣರಂಗವನ್ನೂ ಒಂದೇ ಪದ್ಯದಲ್ಲಿ ಕೂರಿಸಿದ ಕವಿ ಈತ. ಯುದ್ಧದಲ್ಲಿ ಲಕ್ಷಗಟ್ಟಲೆ ಹುಡುಗರು ಸತ್ತಿದ್ದಾರೆ, ರಷ್ಯಾದಲ್ಲಿ ಕ್ರಾಂತಿ ಆಗಿದೆ, ನಮ್ಮ ದೇಶದ ಬಡವ ಬಲ್ಲಿದರನ್ನು ಒಂದು ಮಾಡೋದು ಏನು? ಸಮಿತಿಯ ಉತ್ತರ, ನಮ್ಮ ಭಾಷೆ, ನಮ್ಮ ಸಾಹಿತ್ಯ. ಸಮಿತಿಯಲ್ಲಿದ್ದ ಜಾರ್ಜ್ ಸ್ಯಾಂಪ್ಸನ್ ಅದೇ ವರ್ಷ ಒಂದು ಪುಸ್ತಕ ಬರೆದರು. ಹೆಸರು, 'ಇಂಗ್ಲಿಷರಿಗೆ ಇಂಗ್ಲಿಷ್'. ಅಂದ್ರೆ ಅಲ್ಲಿಯವರೆಗೆ ಬೇರೆಯವರಿಗೆ ಕೊಟ್ಟಿದ್ದ ಮದ್ದನ್ನು ಈಗ ಮನೆಯ ಮಕ್ಕಳಿಗೂ ಕುಡಿಸೋಕೆ ಶುರು ಮಾಡಿದರು.

ಇಲ್ಲಿ ಐ.ಎ. ರಿಚರ್ಡ್ಸ್ ಅನ್ನೋ ಮೇಷ್ಟ್ರ ಕತೆ ಹೇಳಲೇಬೇಕು. ಕೇಂಬ್ರಿಡ್ಜ್‌ನಲ್ಲಿ ಈತ ಒಂದು ಕಿತಾಪತಿ ಮಾಡಿದ. ವಿದ್ಯಾರ್ಥಿಗಳಿಗೆ ಪದ್ಯಗಳ ಹಾಳೆ ಹಂಚಿದ. ಕವಿ ಹೆಸರಿಲ್ಲ, ಕಾಲ ಇಲ್ಲ. ಓದಿ, ಅನ್ನಿಸಿದ್ದು ಬರೀರಿ ಅಂದ. ಉತ್ತರ ನೋಡಿದರೆ ತಲೆ ತಿರುಗೋ ಹಾಗಿತ್ತು. ಮಹಾಕವಿಗಳ ಪದ್ಯಕ್ಕೆ ಕಸ ಅಂದಿದ್ದರು, ಪುಡಿಗವಿಗಳನ್ನು ಹೊಗಳಿದ್ದರು. ಎಷ್ಟೋ ಜನಕ್ಕೆ ಪದ್ಯದ ನೇರ ಅರ್ಥವೇ ಆಗಿರಲಿಲ್ಲ. ಅದೂ ಕೇಂಬ್ರಿಡ್ಜ್‌ನಲ್ಲಿ, ಇಂಗ್ಲಿಷ್ ಮನೆಮಾತಾಗಿದ್ದ ಹುಡುಗರಿಗೆ! 1929ರಲ್ಲಿ ರಿಚರ್ಡ್ಸ್ ಈ ಉತ್ತರಗಳನ್ನೆಲ್ಲಾ ಸೇರಿಸಿ ಪುಸ್ತಕ ಮಾಡಿದ. ಇವತ್ತು ಎ-ಲೆವೆಲ್ ಪರೀಕ್ಷೆಯಲ್ಲಿ ಮೊದಲು ನೋಡಿರದ ಪದ್ಯ, ಗದ್ಯ ಕೊಟ್ಟು ಬರೀರಿ ಅಂತಾರಲ್ಲ, ಅದರ ಬೇರು ಇಲ್ಲಿದೆ. ನನ್ನ ಗೆಳೆಯ ಕೇಳಿದ್ದನಲ್ಲ, ಬರೋ ಭಾಷೇಲಿ ಓದೋದು ಏನಿರುತ್ತೆ ಅಂತ. ಅವನಿಗೆ ನಾನು ಮೊದಲು ಹೇಳಿದ್ದು ಈ ಕತೆಯನ್ನೇ.

ಎ-ಲೆವೆಲ್ ಪರೀಕ್ಷೆ ಬಂದಿದ್ದು 1951ರಲ್ಲಿ. ಎ, ಬಿ, ಸಿ ಗ್ರೇಡುಗಳು 1963ರಲ್ಲಿ. ಈಗಿನ ನಿಯಮದ ಪ್ರಕಾರ ಎರಡು ವರ್ಷದಲ್ಲಿ ಕನಿಷ್ಠ ಎಂಟು ಕೃತಿ ಓದಬೇಕು. ಮೂರು 1900ಕ್ಕಿಂತ ಹಿಂದಿನವು, ಅದರಲ್ಲಿ ಒಂದು ಷೇಕ್ಸ್‌ಪಿಯರ್ ಇರಲೇಬೇಕು. ಒಂದು 2000ದ ನಂತರದ್ದು. ಒಂದು ದೀರ್ಘ ಪ್ರಬಂಧವನ್ನು ವಿದ್ಯಾರ್ಥಿಯೇ ತಯಾರಿಸಬೇಕು, ಅದಕ್ಕೆ ಶೇ. 20 ಅಂಕ. ಮೂರೇ ವಿಷಯ ಇರೋದರಿಂದ ಒಂದೊಂದಕ್ಕೂ ಸಮಯ ಸಿಗುತ್ತೆ. ಹದಿನೇಳರ ಹುಡುಗ ಹುಡುಗಿ ಒಂದು ನಾಟಕದ ಜೊತೆ ತಿಂಗಳುಗಟ್ಟಲೆ ಕೂರ್ತಾರೆ. ನನಗೆ ಹೊಟ್ಟೆಕಿಚ್ಚಾಗೋದು ಇದರ ಬಗ್ಗೆಯೇ.

ಯಾಕಂದ್ರೆ ನಮ್ಮದು ಏನಾಯ್ತು ನೋಡಿ. ನಮಗೆ ಮೊದಲು ಬಂದಿದ್ದು ಪರೀಕ್ಷೆ. 1857ರಲ್ಲಿ ಕಲ್ಕತ್ತೆ, ಬೊಂಬಾಯಿ, ಮದ್ರಾಸು ವಿಶ್ವವಿದ್ಯಾಲಯಗಳು ಹುಟ್ಟಿದವು. ಶುರುವಿನಲ್ಲಿ ಅವು ಪಾಠ ಮಾಡೋ ಸಂಸ್ಥೆಗಳೇ ಅಲ್ಲ, ಪರೀಕ್ಷೆ ನಡೆಸೋ ಕಚೇರಿಗಳು. ಪಠ್ಯ ಗೊತ್ತುಮಾಡು, ಪ್ರಶ್ನೆಪತ್ರಿಕೆ ಅಚ್ಚು ಹಾಕು, ಫಲಿತಾಂಶ ಅಂಟಿಸು. ಹಳ್ಳಿಯಿಂದ ಬಂದ ಹುಡುಗನಿಗೆ ಪದ್ಯ ಅರ್ಥವಾಗೋಕೆ ಪುರುಸೊತ್ತೆಲ್ಲಿ? ಗೈಡು ಬಂತು. ನೋಟ್ಸ್ ಬಂತು. 'ಎಕ್ಸ್‌ಪ್ಲೇನ್ ವಿತ್ ರೆಫರೆನ್ಸ್ ಟು ದ ಕಾಂಟೆಕ್ಸ್ಟ್' ಬಂತು. ನಮ್ಮ ಕನ್ನಡ ಪತ್ರಿಕೆಯಲ್ಲೂ 'ಸಂದರ್ಭ ಸಹಿತ ವಿವರಿಸಿ' ಅಂತ ಕೇಳ್ತಿದ್ದರಲ್ಲ, ಅದೂ ಇದರ ತಮ್ಮನೇ ಇರಬೇಕು ಅಂತ ನನ್ನ ಗುಮಾನಿ. ಪಂಪನನ್ನೂ ಕುಮಾರವ್ಯಾಸನನ್ನೂ ನಾವು ಎರಡಂಕದ ಸಂದರ್ಭವಾಗಿಯೇ ಓದಿದ್ದು.

ನನ್ನ ಪಿಯುಸಿ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ. ಮಿಲ್ಟನ್ ತನ್ನ ಕುರುಡುತನದ ಬಗ್ಗೆ ಬರೆದ ಹದಿನಾಲ್ಕು ಸಾಲಿನ ಪದ್ಯ ನಮಗೆ ಪಾಠಕ್ಕಿತ್ತು. ಲೆಕ್ಚರರ್ ನೋಟ್ಸ್ ಡಿಕ್ಟೇಟ್ ಮಾಡಿದರು. ನಾವು ಬರೆದುಕೊಂಡೆವು. ಅವರ ತಪ್ಪು ಅಂತ ನಾನು ಹೇಳಲ್ಲ, ನೂರಿಪ್ಪತ್ತು ಹುಡುಗರ ಕ್ಲಾಸಿನಲ್ಲಿ ಇನ್ನೇನು ಮಾಡೋಕಾಗುತ್ತೆ? ಪರೀಕ್ಷೆಯಲ್ಲಿ ಅದೇ ಪದ್ಯ ಬಂತು. ನಾನು ಒಂದು ಪುಟ ಬರೆದೆ. ಒಳ್ಳೇ ಅಂಕವೂ ಬಂತು. ನಿಜ ಹೇಳ್ತೀನಿ, ಆ ಪದ್ಯವನ್ನು ನಾನು ಒಮ್ಮೆಯೂ ಓದಿರಲಿಲ್ಲ. ನೋಟ್ಸ್ ಓದಿದ್ದೆ.

ಇಪ್ಪತ್ತೈದು ವರ್ಷ ಆದಮೇಲೆ ಅಪ್ಪನಿಗೆ ಗ್ಲಾಕೋಮಾ ಬಂತು. ಬೆಳಗ್ಗೆ ಎದ್ದರೆ ಪೇಪರು ಬೇಕೇ ಬೇಕು ಅನ್ನೋ ಮನುಷ್ಯ. ಮಡಿಸಿದ ಪೇಪರನ್ನು ತೊಡೆ ಮೇಲೆ ಇಟ್ಟುಕೊಂಡು ಸುಮ್ಮನೆ ಕೂರೋಕೆ ಶುರು ಮಾಡಿದರು. ಇನ್ನು ನಾನು ಯಾವ ಪ್ರಯೋಜನಕ್ಕೆ ಅಂತ ಒಂದು ಸಂಜೆ ಕೇಳಿದರು. ಆ ಪ್ರಶ್ನೆಯನ್ನು ಎಲ್ಲೋ ಕೇಳಿದ್ದೀನಲ್ಲ ಅನ್ನಿಸಿತು. ಆ ಪದ್ಯ ಹುಡುಕಿ ಓದಿದೆ. ಹತ್ತು ನಿಮಿಷ ಸಾಕಾಯ್ತು. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಒಂದೊಂದೇ ಸಾಲಿನ ಅರ್ಥ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದನ್ನ ನೀನು ಪಿಯುಸೀಲಿ ಓದಿದ್ದಾ?" ಅಂದರು. ಹೌದು ಅಂದೆ.

ಹಾಗಂತ ಇಲ್ಲಿ ಯಾರೂ ಓದಲೇ ಇಲ್ಲ ಅಂದ್ಕೋಬೇಡಿ. ಓದಿದವರು ಓದಿದರು. ಅಂಥವರಿಂದಲೇ ನಮ್ಮ ಹೊಸಗನ್ನಡ ಬೆಳೆದದ್ದು. ಪಾಲ್‌ಗ್ರೇವ್ ಅನ್ನೋ ಇಂಗ್ಲೆಂಡಿನ ಶಿಕ್ಷಣ ಇಲಾಖೆಯ ಅಧಿಕಾರಿ 1861ರಲ್ಲಿ 'ಗೋಲ್ಡನ್ ಟ್ರೆಷರಿ' ಅಂತ ಒಂದು ಪದ್ಯ ಸಂಕಲನ ತಂದಿದ್ದ. ಭಾರತದ ಕಾಲೇಜುಗಳಲ್ಲೆಲ್ಲಾ ಅದೇ ಪಠ್ಯ. ಮೈಸೂರಿನ ಇಂಗ್ಲಿಷ್ ಮೇಷ್ಟ್ರು ಬಿ.ಎಂ. ಶ್ರೀಕಂಠಯ್ಯನವರು ಪರೀಕ್ಷೆಗೆ ಅಂತ ಪಾಠ ಮಾಡ್ತಿದ್ದ ಆ ಸಂಕಲನದಿಂದಲೇ ಪದ್ಯಗಳನ್ನು ಆರಿಸಿ ಕನ್ನಡಕ್ಕೆ ತಂದರು. ಅದೇ 'ಇಂಗ್ಲಿಷ್ ಗೀತಗಳು'. ಪ್ರಾಸದ ಹಂಗು ಬಿಟ್ಟು ಕನ್ನಡ ಪದ್ಯ ಹೊಸ ನಡಿಗೆ ಕಲಿತದ್ದು ಅಲ್ಲಿ. 1911ರಲ್ಲೇ ಧಾರವಾಡಕ್ಕೆ ಬಂದು ಕನ್ನಡ ತಲೆ ಎತ್ತೋದು ಹೇಗೆ ಅಂತ ಭಾಷಣ ಮಾಡಿದವರೂ ಇದೇ ಇಂಗ್ಲಿಷ್ ಮೇಷ್ಟ್ರು.

ಅದೇ ಮೈಸೂರಿನ ವೆಸ್ಲಿಯನ್ ಹೈಸ್ಕೂಲಿನಲ್ಲಿ ಮಲೆನಾಡಿನಿಂದ ಬಂದ ಒಬ್ಬ ಹುಡುಗ ಓದ್ತಿದ್ದ. ಇಂಗ್ಲಿಷಿನಲ್ಲೇ ಪದ್ಯ. 1922ರಲ್ಲಿ, ಹದಿನೇಳರ ವಯಸ್ಸಿನಲ್ಲಿ, 'ಬಿಗಿನರ್ಸ್ ಮ್ಯೂಸ್' ಅಂತ ಪುಸ್ತಕವೂ ಬಂತು. ಆಮೇಲೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಈತ ತನ್ನ ಪದ್ಯ ತೋರಿಸಿದ. ನಿನ್ನ ಭಾಷೆಯಲ್ಲಿ ಯಾಕೆ ಬರೆಯಲ್ಲ ಅಂತ ಕೇಳಿದರು ಅವರು. ಹದಿಹರೆಯದ ಕವಿಗೆ ಹಿತವಾದ ಮಾತಲ್ಲ ಅದು. ಆದರೆ ಹುಡುಗ ಕೇಳಿಸಿಕೊಂಡ. ಕುವೆಂಪು ಹುಟ್ಟಿದರು. ಹ್ಯಾಮ್ಲೆಟ್ 'ರಕ್ತಾಕ್ಷಿ' ಆಯ್ತು, ಟೆಂಪೆಸ್ಟ್ 'ಬಿರುಗಾಳಿ' ಆಯ್ತು, ರಾಬರ್ಟ್ ಬ್ರೌನಿಂಗ್‌ನ ಜರ್ಮನಿಯ ಕೊಳಲಿನವನು ತುಂಗಾ ತೀರಕ್ಕೆ ಬಂದು ಕಿಂದರಿಜೋಗಿ ಆದ.

ಆರ್.ಕೆ. ನಾರಾಯಣ್ ಕತೆ ಇನ್ನೂ ಮಜಾ. ಅಪ್ಪ ಮೈಸೂರಿನಲ್ಲಿ ಹೈಸ್ಕೂಲ್ ಹೆಡ್‌ಮಾಸ್ಟರ್. ಮಗ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲು! ಒಂದು ವರ್ಷ ಮನೆಯಲ್ಲಿ ಕೂತು ಬೇಕು ಬೇಕಾದ್ದೆಲ್ಲ ಓದಿದರು. ಆ ಫೇಲಾದ ವರ್ಷಕ್ಕೆ ನಾವೆಲ್ಲಾ ಋಣಿಗಳು.

ಆಮೇಲಿನ ಪಟ್ಟಿ ನೋಡಿ. ಗೋಪಾಲಕೃಷ್ಣ ಅಡಿಗ, ಅನಂತಮೂರ್ತಿ, ಲಂಕೇಶ್, ಎ.ಕೆ. ರಾಮಾನುಜನ್. ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳು. ಇನ್ನೊಬ್ಬರನ್ನು ಬಿಟ್ಟರೆ ತಪ್ಪಾಗುತ್ತೆ. ಹೈಸ್ಕೂಲಿನಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆ ಆಗಬೇಕು, ಅದಕ್ಕೆ 150 ಅಂಕ ಇರಬೇಕು ಅಂತ 1981ರಲ್ಲಿ ವರದಿ ಬಂತು. 1982ರಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದರು, ಇಡೀ ರಾಜ್ಯ ಎದ್ದು ನಿಂತಿತು. ಆ ವರದಿ ಕೊಟ್ಟವರು ಯಾರು? ವಿ.ಕೃ. ಗೋಕಾಕ್. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಪ್ರಥಮ ದರ್ಜೆಯಲ್ಲಿ ಪಾಸಾಗಿ ಬಂದವರು! ಟ್ರೆವೆಲ್ಯನ್ ಸಾಹೇಬ ಇದನ್ನು ನೋಡೋಕೆ ಬದುಕಿರಬೇಕಿತ್ತು.

ಈಗ ಇಂಗ್ಲೆಂಡಿಗೆ ವಾಪಸ್. ಅಲ್ಲಿ ಯಾಕೆ ಹುಡುಗರು ಬಿಡ್ತಿದ್ದಾರೆ? 2012ರಲ್ಲಿ ಅಲ್ಲಿ ಪದವಿ ಓದೋ ಫೀಸು ವರ್ಷಕ್ಕೆ 9,000 ಪೌಂಡ್‌ವರೆಗೆ ಏರಿತು. ಸಾಲ ಮಾಡಿ ಓದೋನು ಕೆಲಸ ಎಲ್ಲಿದೆ ಅಂತ ನೋಡೇ ನೋಡ್ತಾನೆ. ಗಣಿತ, ವಿಜ್ಞಾನ ತಗೊಳ್ಳಿ ಅಂತ ಸರ್ಕಾರವೇ ಹೇಳ್ತಿದೆ. ಅದೇ 2022ರ ಜೂನ್‌ನಲ್ಲಿ ಶೆಫೀಲ್ಡ್ ಹಾಲಮ್ ವಿಶ್ವವಿದ್ಯಾಲಯ ಇಂಗ್ಲಿಷ್ ಸಾಹಿತ್ಯದ ಪದವಿಯನ್ನೇ ನಿಲ್ಲಿಸೋದಾಗಿ ಹೇಳಿತು. ಜಿಸಿಎಸ್‌ಇ ಮಟ್ಟದಲ್ಲಿ ಪರೀಕ್ಷೆ ಬಿಗಿಯಾಗಿ, ಪುಸ್ತಕ ನೋಡದೆ ಉಲ್ಲೇಖಗಳನ್ನು ಬಾಯಿಪಾಠ ಮಾಡೋ ಪರಿಸ್ಥಿತಿ ಬಂದಿದೆ ಅಂತ ಅಲ್ಲಿನ ಮೇಷ್ಟ್ರುಗಳ ದೂರು. ಉಲ್ಲೇಖ ಬಾಯಿಪಾಠ! ನಮ್ಮ ರೋಗ ಅಲ್ಲಿಗೆ ಹೋಗಿದೆ. ಓದಿಸೋ ಪುಸ್ತಕಗಳ ಬಗ್ಗೆಯೂ ತಕರಾರಿದೆ. 2021ರ ಒಂದು ವರದಿ ಪ್ರಕಾರ ಜಿಸಿಎಸ್‌ಇ ವಿದ್ಯಾರ್ಥಿಗಳಲ್ಲಿ ಬಿಳಿಯರಲ್ಲದ ಲೇಖಕರ ಪುಸ್ತಕ ಓದೋರು ಶೇ. 1ಕ್ಕಿಂತ ಕಡಿಮೆ. ಎ-ಲೆವೆಲ್‌ನಲ್ಲಿ ಸ್ವಲ್ಪ ವಾಸಿ. ಒಂದು ಬೋರ್ಡಿನ ಪಟ್ಟಿಯಲ್ಲಿ ಅರುಂಧತಿ ರಾಯ್ ಅವರ 'ದಿ ಗಾಡ್ ಆಫ್ ಸ್ಮಾಲ್ ಥಿಂಗ್ಸ್' ಇದೆ.

ಗೆಳೆಯನಿಗೆ ಇದೆಲ್ಲ ಒಂದು ಗಂಟೆ ಹೇಳಿದೆ. ಅವನು ಅರ್ಧ ಕೇಳಿಸಿಕೊಂಡ. ಫೋನು ಮಗಳ ಕೈಗೆ ಕೊಟ್ಟ.

"ಏನವ್ವಾ, ಯಾಕೆ ಬೇಕು ಈ ಸಾಹಿತ್ಯ?" ಅಂತ ಕೇಳಿದೆ. ಟೀವಿ ಆ್ಯಂಕರ್ ಪ್ರಶ್ನೆ, ನನಗೇ ನಾಚಿಕೆ ಆಯ್ತು.

ಅವಳು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು. ಚಿಕ್ಕವಳಿದ್ದಾಗ ದಾವಣಗೆರೆಯಿಂದ ಅಜ್ಜಿ ಬಂದು ಆರು ತಿಂಗಳು ಇದ್ದರಂತೆ. ದಿನಾ ರಾತ್ರಿ ಕಿಂದರಿಜೋಗಿ ಹಾಡಿ ಮಲಗಿಸ್ತಿದ್ದರಂತೆ. ಆಮೇಲೆ ಶಾಲೆಯಲ್ಲಿ ಟೀಚರ್ ಬ್ರೌನಿಂಗ್ ಪದ್ಯ ಓದಿದಾಗ ಇವಳು ಎದ್ದು ನಿಂತು, ಮಿಸ್, ಇದು ನಮ್ಮ ಅಜ್ಜಿ ಕತೆ, ಈ ಮನುಷ್ಯ ಕದ್ದಿದ್ದಾನೆ ಅಂದಳಂತೆ. ಇಡೀ ಕ್ಲಾಸು ನಕ್ಕಿತಂತೆ. "ಅಂಕಲ್, ಆಗಿಂದ ನಂಗೆ ಯಾರು ಯಾರಿಂದ ತಗೊಂಡ್ರು ಅಂತ ಗೊತ್ತಾಗ್ಬೇಕು" ಅಂದಳು.

ಗೆಳೆಯ ಫೋನು ಇಸ್ಕೊಂಡ. "ಏನಂದ್ಲು?"

"ಮ್ಯಾಥ್ಸೂ ತಗೋತಾಳಂತೆ, ಇಂಗ್ಲಿಷೂ ತಗೋತಾಳಂತೆ. ಮೂರನೇದಕ್ಕೆ ನೀನೂ ನಿನ್ನ ಹೆಂಡ್ತೀನೂ ಜಗಳ ಆಡ್ಕೊಳ್ಳಿ" ಅಂದೆ.